ಬಜಾರಿಯರೂ ಪುಕ್ಕಲಿಯರೂ

ಕೆಲವರಿಗೆ ಹುಟ್ಟುವಾಗಲೇ ಬಾಯಿ ಬಂದಿರುತ್ತದೆ, ಕೆಲವರಿಗೆ ಕಡೆಯವರೆಗೂ ಬರುವುದಿಲ್ಲ. ನಾನು ಎರಡನೆಯ ಪಂಗಡ. ಬಸ್ಸಿನಲ್ಲಿ ನಮ್ಮೂರ ಗೇಟು ಬಂದಾಗ "ನಿಲ್ಸಿ" ಎಂದು ಕೂಗಲು ನಾಚಿಕೆಯಾಗಿ, ಯಾರೋ ಕೂಗಿದ ಮುಂದಿನ ಊರಿನಲ್ಲಿ ಇಳಿದು ಬಿಸಿಲಲ್ಲಿ ನಡೆದು ಬಂದದ್ದುಂಟು. ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುವವರು ನನ್ನ ಎಲೆಯನ್ನು ದಾಟಿ ಹೋದರೆ ಕರೆಯದೆ, ಹಪ್ಪಳಕ್ಕೆ ಉಪ್ಪಿನಕಾಯಿ ನೆಂಚಿಕೊಂಡು ಎದ್ದದ್ದೂ ಉಂಟು. ಮನೆಗೆ ಬಂದು "ಊಟ ಹೆಂಗಿತ್ತು" ಎಂದು ಕೇಳಿದವರಿಗೆ ಚೆನ್ನಾಗಿತ್ತು ಎಂದಿದ್ದೇನೆ. ಇದನ್ನೆಲ್ಲ ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಯಾಕೆಂದರೆ ನಾನು ಹೇಳಹೊರಟಿರುವುದು ಹುಳುಗಳ ವಿಷಯ, ಅದರಲ್ಲಿ ಆದ ತಪ್ಪು ನನ್ನದು, ಅದನ್ನು ಹೇಳಬೇಕಾದ ಕಡೆ ಹೇಳಲು ನನಗೆ ಐದು ದಿನ ಹಿಡಿಯಿತು.

ಹುಳು ಸಾಕುವುದು ನನ್ನ ಕೆಲಸ. ಮಧುಗಿರಿಯ ಹೊರಗೆ, ಬೆಟ್ಟವೇ ಕಿಟಕಿಯ ತುಂಬ ಕಾಣುವ ಎರಡು ಕೋಣೆಯ ಲ್ಯಾಬು ನಮ್ಮದು. ತೆಂಗಿಗೆ ಕಪ್ಪುತಲೆ ಹುಳು ಎಂದು ಒಂದು ಪೀಡೆಯಿದೆ. ಅದು ಗರಿಯ ಅಡಿಯಲ್ಲಿ ನೂಲಿನ ಗೂಡು ಕಟ್ಟಿಕೊಂಡು ಹಸಿರನ್ನೆಲ್ಲ ಕೆರೆದು ತಿನ್ನುತ್ತದೆ. ದೂರದಿಂದ ನೋಡಿದರೆ ತೋಟಕ್ಕೆ ಬೆಂಕಿ ಬಿದ್ದು ಆರಿದ ಹಾಗೆ ಇರುತ್ತದೆ. ಅದನ್ನು ಹಿಡಿಯಲು ಒಂದು ಕಡಜವಿದೆ. ಕಡಜ ಎಂದಕೂಡಲೇ ಹೆದರಬೇಡಿ, ಇರುವೆಗೆ ರೆಕ್ಕೆ ಬಂದರೆ ಎಷ್ಟಿರುತ್ತದೋ ಅಷ್ಟೇ. ತಾಯಿ ಕಡಜ ಗೂಡಿನೊಳಗೆ ನುಗ್ಗಿ, ಕಪ್ಪುತಲೆ ಹುಳುವನ್ನು ಚುಚ್ಚಿ ಮಲಗಿಸಿ, ಅದರ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿಗಳು ಆ ಹುಳುವನ್ನೇ ತಿಂದು ಬೆಳೆಯುತ್ತವೆ. ಲ್ಯಾಬಿನಲ್ಲಿ ನಾವು ಜೋಳದ ನುಚ್ಚಿನಲ್ಲಿ ಬೇರೆ ಹುಳು ಬೆಳೆಸಿ, ಗಾಜಿನ ಕೊಳವೆಗೆ ಒಂದು ಹುಳು, ಒಂದು ತಾಯಿ, ಒಂದು ತೊಟ್ಟು ಜೇನು ಹಾಕಿ, ಬಾಯಿಗೆ ಹತ್ತಿ ತುರುಕಿ ಇಡುತ್ತೇವೆ. ತೋಟದವರು ಮರದಡಿಯಲ್ಲಿ ಹತ್ತಿ ತೆಗೆದರೆ ತಾಯಿ ಹೊರಬಂದು ಗರಿಗೆ ಹಾರಬೇಕು. ನುಚ್ಚಿನ ಡಬ್ಬಿಗಳಿಂದ ಪತಂಗದ ಧೂಳು ಏಳುವುದರಿಂದ ದಿನವಿಡೀ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿರಬೇಕು. ನನಗೆ ಇದಕ್ಕಿಂತ ಒಳ್ಳೆಯ ನೌಕರಿ ಸಿಗುವುದಿಲ್ಲ ಎಂದು ಈರಕ್ಕ ಹೇಳುತ್ತಿದ್ದಳು.

ಈರಕ್ಕ ನನ್ನ ವಾರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ವಾರಗಿತ್ತಿಯರು ಒಂದೇ ಮನೆಯನ್ನು ಗೋಡೆ ಎಬ್ಬಿಸಿ ಹಂಚಿಕೊಂಡದ್ದೂ ಅಲ್ಲದೆ, ಒಂದೇ ಕೋಣೆಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದರು ಎಂದರೆ ಜನ ನಂಬುವುದಿಲ್ಲ. ಜಗಳಕ್ಕೆ ಇಬ್ಬರು ಬೇಕು, ನಾನು ಆಡುತ್ತಿರಲಿಲ್ಲ. ಅವಳೊಬ್ಬಳೇ ಎರಡೂ ಕಡೆಯ ಮಾತನ್ನು ಆಡಿ, ನನ್ನ ಪಾಲಿನದನ್ನು ನನಗಿಂತ ಚೆನ್ನಾಗಿ ಆಡಿ, ಕೊನೆಗೆ "ವೋಗು, ನೀನೇ ಗೆದ್ದೆ ಬುಡು" ಎಂದು ಮುಗಿಸುತ್ತಿದ್ದಳು. ಕಳೆದ ಶ್ರಾವಣದಲ್ಲಿ ಹೋದಳು. ನಾಲ್ಕು ದಿನದ ಜ್ವರ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಬೆಳಿಗ್ಗೆ ಗೋಡೆಯ ಆಚೆಯಿಂದ "ಲೇ ರತ್ನಿ, ಬಸ್ ಬಂದ್ಬುಡ್ತು ಕಣೇ" ಎಂದು ಕೂಗುವವರಿಲ್ಲದ್ದರಿಂದ ಈಗ ಅರ್ಧ ಗಂಟೆ ಮೊದಲೇ ಹೋಗಿ ಗೇಟಿನಲ್ಲಿ ನಿಲ್ಲುತ್ತೇನೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳ ಜಾಗ. ಖಾಲಿ ಇದ್ದರೂ ನಾನು ಈಚೆ ಬದಿಗೇ ಕೂರುತ್ತೇನೆ. ಹತ್ತಿದವರು "ಆಚೆಗ್ ಸರ್ಕಳಮ್ಮ" ಎಂದು ಗದರುತ್ತಾರೆ. ನಾನು ಸರಿಯುವುದಿಲ್ಲ, ಎದ್ದು ನಿಂತು ಅವರಿಗೇ ದಾರಿ ಬಿಡುತ್ತೇನೆ.

ಈ ಕಡಜದ ಹುಳುಗಳಿಗೆ ಒಂದೊಂದಕ್ಕೂ ಒಂದೊಂದು ಗುಣವಿದೆ ಎಂದು ಕಂಡುಹಿಡಿದದ್ದು ಅವಳೇ. ಹಸುವಿಗೆ ಗುಣವಿದೆ ಎಂದರೆ ಎಲ್ಲರೂ ಒಪ್ಪುತ್ತಾರೆ. ಒಂದು ಹಾಯುತ್ತದೆ, ಒಂದು ನೆಕ್ಕುತ್ತದೆ. ಕೋಳಿಗೂ ಒಪ್ಪುತ್ತಾರೆ. ಹುಳುವಿಗೆ ಎಂದರೆ ನಗುತ್ತಾರೆ. ಲ್ಯಾಬು ನೋಡಿಕೊಳ್ಳುವ ನಮ್ಮ ಮೇಡಂ ಕೂಡ, "ನೂರು ಹುಳು ಬಿಟ್ಟರೆ ನೂರೂ ಒಂದೇ ಈರಮ್ಮ, ಲೆಕ್ಕ ಸರಿ ಇದ್ದರೆ ಸಾಕು" ಎನ್ನುತ್ತಿದ್ದರು. ಈರಕ್ಕ ಅವರ ಮುಂದೆ ಆಗಲಿ ಎಂದು, ಈಚೆ ಬಂದು ಕೊಳವೆಯ ಹತ್ತಿ ತೆಗೆದು ಬಳೆಯಿಂದ ಟಕ್ ಟಕ್ ಎಂದು ತಟ್ಟುತ್ತಿದ್ದಳು. ಕೆಲವು ತಾಯಿಗಳು ಮೊಟ್ಟೆ ಇಟ್ಟದ್ದನ್ನೇ ಮರೆತು ಬೆಳಕಿನ ಕಡೆ ಓಡಿ ಬರುತ್ತಿದ್ದವು. ಅವು ಬಜಾರಿಗಳು. ಕೆಲವು ತಾವು ಮಲಗಿಸಿದ ಹುಳುವಿನ ಹಿಂದೆ ಅವಿತು, ಮರಿಗಳಿಗೆ ಮೈ ಅಡ್ಡ ಕೊಟ್ಟು, ಕೊಳವೆ ಒಡೆದರೂ ಏಳುವುದಿಲ್ಲ ಎಂಬಂತೆ ಕೂರುತ್ತಿದ್ದವು. ಅವು ಪುಕ್ಕಲಿಗಳು. ಇವತ್ತು ಓಡಿ ಬಂದದ್ದು ನಾಳೆಯೂ ಓಡಿ ಬರುತ್ತಿತ್ತು. ಜೇನು ಕೊಟ್ಟರೂ ಅದೇ, ಉಪವಾಸ ಕೆಡವಿದರೂ ಅದೇ. ಮರಿ ಮಾಡಿಸಲು ಹುಳು ಆರಿಸುವಾಗ ಈರಕ್ಕ ನಾಲ್ಕು ಪುಕ್ಕಲಿಗೆ ಒಂದು ಬಜಾರಿಯಂತೆ ಸೇರಿಸುತ್ತಿದ್ದಳು. "ಒಂದ್ ಮನೆ ಅಂದ್ಮೇಕೆ ಒಂದ್ ಬಾಯಾದ್ರೂ ಇರ್ಬೇಕು ಕಣೇ" ಎನ್ನುತ್ತಿದ್ದಳು. ಇದು ತನ್ನ ಬಾಯಿಗೆ ತಾನೇ ಕೊಟ್ಟುಕೊಳ್ಳುತ್ತಿರುವ ಸಮಜಾಯಿಷಿ ಎಂದು ನಾನು ತಿಳಿದಿದ್ದೆ.

ಅವಳು ಹೋದ ಮೇಲೆ ಆರಿಸುವ ಕೆಲಸ ನನಗೆ ಬಂತು. ಬಜಾರಿಗಳನ್ನು ಸಾಕುವುದು ನಿಜವಾಗಿಯೂ ಕಷ್ಟ. ಹತ್ತಿ ತೆಗೆದರೆ ಹಾರುತ್ತವೆ, ಸೆರಗಿಗೆ ಹತ್ತುತ್ತವೆ, ಮರಿಯನ್ನು ನೋಡಿಕೊಳ್ಳುವುದಿಲ್ಲ. ಪುಕ್ಕಲಿಗಳು ಹಾಗಲ್ಲ. ಆದರೆ ನಾನು ಪುಕ್ಕಲಿಗಳನ್ನೇ ಇಟ್ಟುಕೊಂಡದ್ದಕ್ಕೆ ಅದಷ್ಟೇ ಕಾರಣವಲ್ಲ. ಆ ದಿನಗಳಲ್ಲಿ ಬಿಟ್ಟು ಹೋಗುವುದನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಬಾಗಿಲು ತೆರೆದದ್ದೇ ತಡ, ತಿರುಗಿಯೂ ನೋಡದೆ ಹೊರಟುಬಿಡುವ ಹುಳುಗಳ ಮೇಲೆ ಸಿಟ್ಟು ಬರುತ್ತಿತ್ತು. ಹೋಗುವವರು ಹೋಗಿ ಎಂದು ಅವನ್ನೆಲ್ಲ ತೋಟಗಳಿಗೆ ಕಳಿಸಿದೆ. ಕೂತವರನ್ನು ಇಟ್ಟುಕೊಂಡೆ. ಅವರ ಮಕ್ಕಳಲ್ಲಿ ಕೂತವರನ್ನು, ಅವರ ಮಕ್ಕಳಲ್ಲಿ ಇನ್ನೂ ಗಟ್ಟಿಯಾಗಿ ಕೂತವರನ್ನು ಇಟ್ಟುಕೊಂಡೆ. ಹದಿನೈದು ದಿನಕ್ಕೊಂದು ತಲೆಮಾರು ಆಗುವ ಜೀವ ಅದು. ಈ ಬೇಸಿಗೆಯ ಹೊತ್ತಿಗೆ ನಮ್ಮ ಲ್ಯಾಬಿನಲ್ಲಿ ಎಂಥ ಶಾಂತಿ ನೆಲೆಸಿತ್ತೆಂದರೆ, ಹತ್ತಿ ತೆಗೆದು ಕೊಳವೆಯನ್ನು ತಲೆಕೆಳಗು ಮಾಡಿದರೂ ಒಂದೂ ಬೀಳುತ್ತಿರಲಿಲ್ಲ. ನನ್ನ ಕೈಗುಣ ಎಂದುಕೊಂಡಿದ್ದೆ.

ಒಂದು ಮಂಗಳವಾರ ಚನ್ನರಾಯನದುರ್ಗದ ಕಡೆಯ ರಂಗಶಾಮಣ್ಣ ಎಂಬ ತೋಟದವರು ಮೇಡಂಗೆ ಫೋನು ಮಾಡಿದರು. ಅವರ ದನಿ ಫೋನಿಲ್ಲದೆಯೂ ಮಧುಗಿರಿಗೆ ಕೇಳಿಸುವಂಥದ್ದು.

"ಏನ್ ಮೇಡಮ್ಮಾರೇ, ಎಂಥಾ ಹುಳ ಕಳ್ಸಿದ್ದೀರಿ? ಹತ್ತಿ ಕಿತ್ತು ಎಲ್ಡ್ ಗಂಟೆ ಮರದಡೀಲಿ ನಿಂತಿವ್ನಿ. ಒಂದಾದ್ರೂ ಈಚೆಗೆ ಬರ್ಬೇಕಲ್ಲ! ಹೊಸಾ ಮದ್ಲಿಂಗಿತ್ತಿ ಕೋಣೇಲಿ ಕುಂತಂಗೆ ಕುಂತವೆ. ಕರೆಯಾಕೆ ಸೋಬಾನೆ ಹಾಡ್ಬೇಕಾ?"

ಮೇಡಂ ಎದ್ದು ಬಂದು ಇಪ್ಪತ್ತು ಕೊಳವೆಯ ಹತ್ತಿ ತೆಗೆಸಿ ನೋಡಿದರು. ಇಪ್ಪತ್ತೂ ಮದುವಣಗಿತ್ತಿಯರೇ. ಮೇಡಂ ಒಳ್ಳೆಯವರು, ಯಾರನ್ನೂ ಬಯ್ಯಲಿಲ್ಲ. "ತಳಿ ಕೆಟ್ಟಿದೆ. ಸೋಮವಾರ ಎಲ್ಲವನ್ನೂ ಸೋಪಿನ ನೀರಿಗೆ ಹಾಕಿ ಕೊಳವೆ ತೊಳೆದುಬಿಡಿ ರತ್ನಮ್ಮ. ಬೇರೆ ಕಡೆಯಿಂದ ಹೊಸ ತಾಯಿಗಳನ್ನು ತರಿಸೋಣ" ಎಂದು ಹೇಳಿ ಹೋದರು.

ಆ ಹುಳುಗಳು ಈರಕ್ಕನ ಕೈಯಿಂದ ಬಂದವು. ಶ್ರಾವಣದಲ್ಲಿ ಅವಳು ಕಡೆಯದಾಗಿ ಜೇನು ಮುಟ್ಟಿಸಿ, ಹತ್ತಿ ಇಟ್ಟು ಹೋದ ಕೊಳವೆಗಳ ಸಂತಾನ. ಅವಳ ಸೀರೆಗಳನ್ನು ಹೆಣ್ಣುಮಕ್ಕಳು ಹಂಚಿಕೊಂಡರು, ಒಲೆಯನ್ನು ಭಾವನವರು ಕೆಡವಿ ಗ್ಯಾಸು ಇಡಿಸಿದರು. ಬದುಕಿರುವಂಥದ್ದು ಅಂತ ನನ್ನ ಪಾಲಿಗೆ ಉಳಿದದ್ದು ಇದು. ಅದರ ತಳಿ ಕೆಟ್ಟದ್ದಲ್ಲ, ಕೆಡಿಸಿದ್ದು ನಾನು. ಹಾಗೆಂದು ಮೇಡಂಗೆ ಹೇಳಿದರೆ ಉಳಿಸಿಕೊಳ್ಳಲು ದಾರಿ ಸಿಗಬಹುದಿತ್ತು. ಹೇಳಬೇಕು, ಅಷ್ಟೇ.

ಬುಧವಾರ ಮೇಡಂ ಕೋಣೆಗೆ ಹೋದೆ. ಅವರು ತಲೆಯೆತ್ತಿ "ಏನು ರತ್ನಮ್ಮ?" ಎಂದರು. "ಜೇನುತುಪ್ಪ ಮುಗೀತು ಮೇಡಂ" ಎಂದೆ. ಮುಗಿದಿರಲಿಲ್ಲ. ತರಿಸಿಕೊಟ್ಟರು. ಗುರುವಾರ ಮತ್ತೆ ಹೋದೆ, ಮತ್ತೆ ಅವರು ತಲೆಯೆತ್ತಿದರು, ಮತ್ತೆ ಜೇನುತುಪ್ಪ ಮುಗಿಯಿತು. ಶುಕ್ರವಾರ ಅವರೇ "ಜೇನುತುಪ್ಪವಾ?" ಎಂದರು. ಹೌದು ಎಂದೆ. ಮೂರು ಬಾಟಲಿ ಜೇನು ಸಾಲಾಗಿ ಕೂತು ನನ್ನನ್ನು ನೋಡುತ್ತಿದ್ದವು. ಜೀಪು ಓಡಿಸುವ ರಫೀಕಣ್ಣ ಸಿರಾದವರು, ಬಾಗಿಲಲ್ಲಿ ನಿಂತು ಎಣಿಸಿ, "ಕ್ಯಾ ರತ್ನಕ್ಕ, ಹುಳಕ್ಕೆ ಶಾದಿ ಇಟ್ಕೊಂಡಿದ್ದೀರಾ?" ಎಂದರು. ನಾನು ಹೇಗೋ ಬಟ್ಟೆಯ ಹಿಂದಿನಿಂದ ವಿಷಯ ಹೇಳಿದೆ. ಅವರು ನಗಲಿಲ್ಲ. "ಫಿಕರ್ ಮಾಡ್ಬೇಡಿ. ಮಾತಲ್ಲಿ ಹೇಳಕ್ಕಾಗ್ದಿದ್ರೆ ಮಾಡಿ ತೋರ್ಸಿ. ನಾನು ಲೈಸೆನ್ಸ್ ತಗೊಳ್ಳೋವಾಗ ಸಾಹೇಬ್ರು ಕೇಳಿದ್ದು ಒಂದಕ್ಕೂ ಜವಾಬು ಕೊಡಲಿಲ್ಲ, ಗಾಡಿ ಓಡ್ಸಿ ತೋರ್ಸಿದೆ" ಎಂದರು.

ಶನಿವಾರ ಹನ್ನೆರಡು ಕೊಳವೆಗಳಿಗೆ ನಂಬರು ಬರೆದು ಮೇಡಂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದೊಂದಾಗಿ ಹತ್ತಿ ತೆಗೆದೆ. ಏಳನೆಯದು ಮೆಲ್ಲಗೆ ಕೊಳವೆಯ ಬಾಯಿಯವರೆಗೆ ಬಂದು ಮೀಸೆ ಆಡಿಸಿತು. ಉಳಿದವು ಬರಲಿಲ್ಲ. ಎರಡನೆಯದಂತೂ ಹುಳುವಿನ ಹಿಂದೆ ಹೋಗಿ ಮುಖ ಮುಚ್ಚಿಕೊಂಡಿತು. ಮಧ್ಯಾಹ್ನ ಮತ್ತೆ ತೆಗೆದೆ. ಏಳನೆಯದು ಬಂತು, ಎರಡನೆಯದು ಅವಿತುಕೊಂಡಿತು. ಮೇಡಂ ಟೀ ಆರಿಹೋಗುವಷ್ಟು ಹೊತ್ತು ನೋಡಿದರು. ಸಂಜೆ ಮೂರನೆಯ ಸಲಕ್ಕೆ ನಾನು ಹೋಗುವ ಮೊದಲೇ ಅವರು ಕನ್ನಡಕ ಹಾಕಿಕೊಂಡು ಕೂತಿದ್ದರು. "ಏಳು ಬಂತಾ? ಬಂತು! ಎರಡು? ಅಯ್ಯೋ ಪಾಪ, ಮತ್ತೆ ಒಳಗೇ ಹೋಯಿತು" ಎಂದು ಮಕ್ಕಳ ಓಟದ ಪಂದ್ಯ ನೋಡುವವರ ಹಾಗೆ ಆಡಿದರು. ಆ ಗದ್ದಲದಲ್ಲಿ, ಅವರ ಕಣ್ಣು ಕೊಳವೆಯ ಮೇಲೆ ಇದ್ದಾಗ, ನಾನು ಎಲ್ಲವನ್ನೂ ಹೇಳಿಬಿಟ್ಟೆ. ಕೂತವರನ್ನೇ ಇಟ್ಟುಕೊಂಡದ್ದು, ಓಡುವವರನ್ನೆಲ್ಲ ಕಳಿಸಿದ್ದು, ಯಾಕೆ ಎಂಬುದು. ಮೇಡಂ ಮೊಬೈಲಿನಲ್ಲಿ ಏನೋ ಓದಿ, ಇಂಥ ಹುಳುಗಳ ಗುಣಭೇದವನ್ನೇ ಕೂತು ಅಭ್ಯಾಸ ಮಾಡುವ ವಿದ್ವಾಂಸರೂ ಇದ್ದಾರಂತೆ ಎಂದರು. ಈರಕ್ಕ ಇದ್ದಿದ್ದರೆ "ಒಂದ್ ಮಾತ್ ನನ್ನ ಕೇಳಿದ್ರೆ ಹೇಳ್ತಿದ್ನಲ್ಲಾ" ಎನ್ನುತ್ತಿದ್ದಳು.

"ಸರಿ, ಈರಮ್ಮ ಬಿಟ್ಟ ಬಜಾರಿಗಳ ಸಂತಾನ ತೋಟಗಳಲ್ಲಿ ಇರಲೇಬೇಕಲ್ಲ. ಹುಡುಕಿಕೊಂಡು ಬನ್ನಿ. ಸಿಕ್ಕರೆ ಬೆರೆಸೋಣ. ಸಿಗದಿದ್ದರೆ ಸೋಪಿನ ನೀರು" ಎಂದರು. ಸೋಮವಾರ ಬೆಳಿಗ್ಗೆ ರಫೀಕಣ್ಣನ ಜೀಪಿನಲ್ಲಿ ಚನ್ನರಾಯನದುರ್ಗಕ್ಕೆ ಹೊರಟೆ. ಹದಿನಾಲ್ಕು ವರ್ಷದಲ್ಲಿ ನಾನು ತೋಟಕ್ಕೆ ಹೋದದ್ದು ಅದೇ ಮೊದಲು. ತೋಟಗಳು ಈರಕ್ಕನ ಪಾಲು, ಕೊಳವೆ ತೊಳೆಯುವುದು ನನ್ನ ಪಾಲು. ಅವಳು ಹೋದ ಮೇಲೆ ರಫೀಕಣ್ಣ ಪೆಟ್ಟಿಗೆಯನ್ನು ರೈತರ ಕೈಗೆ ಕೊಟ್ಟು ಬರುತ್ತಿದ್ದರು, ಅಷ್ಟೇ.

ರಂಗಶಾಮಣ್ಣ ಎತ್ತರದ ಮನುಷ್ಯ, ಜೊತೆಗೊಂದು ನಾಯಿ. ನಾಯಿ ಬೊಗಳಿತು, ಅವರೂ ಶುರುಮಾಡಿದರು. "ನೀನೇನಮ್ಮ ಆ ನಾಚ್ಕೆ ಹುಳಾನ ಸಾಕೋಳು? ಈರಮ್ಮ ಬತ್ತಿದ್ಲು, ನೋಡು, ಅದು ಹುಳ! ಆವಮ್ಮ ಬಂದ್ರೆ ನಮ್ ನಾಯೂ ಬಾಲ ಮುದುರ್ಕೊಂಡ್ ಮಲಿಕ್ಕಳದು." ರಫೀಕಣ್ಣ ನನ್ನ ಪರವಾಗಿ ಮಾತನಾಡಿ, ಕೊಕ್ಕೆಯಿಂದ ಕೆಳಗಿನ ಗರಿಗಳನ್ನು ಕೊಯ್ಯಿಸಿದರು. ಮೂವರೂ ನೆರಳಲ್ಲಿ ಕೂತು ಗೂಡು ಬಿಡಿಸತೊಡಗಿದೆವು. ಮೊದಲ ಗರಿಯಲ್ಲೇ ಒಂದು ತಾಯಿ ಸಿಕ್ಕಿತು. ಗೂಡು ಹರಿದದ್ದೇ ತಡ, ನನ್ನ ಬೆರಳಿನ ಮೇಲೆ ಓಡಿ, ಮಣಿಕಟ್ಟು ದಾಟಿ, ರವಿಕೆಯ ತೋಳಿನವರೆಗೆ ಬಂದು ಚುಚ್ಚಿತು. ಇದೇ, ಇದೇ ಎಂದು ನಾನು ಅಷ್ಟು ಸಂತೋಷದಿಂದ ಕೈ ಉಜ್ಜಿಕೊಂಡದ್ದನ್ನು ನೋಡಿ ರಂಗಶಾಮಣ್ಣ ರಫೀಕಣ್ಣನ ಮುಖ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಅಂಥವು ನಾಲ್ಕು ಸಿಕ್ಕವು.

ಕಡೆಯ ಗರಿ ಬಿಡಿಸುತ್ತಿದ್ದವರು ರಂಗಶಾಮಣ್ಣ. "ಇದ್ನ ನೋಡಮ್ಮ, ಮನೆ ಕಿತ್ತಾಕಿದ್ರೂ ಏಳಾಕಿಲ್ಲ ಅಂತದೆ" ಎಂದರು. ನೂಲೆಲ್ಲ ಹರಿದಿತ್ತು. ಹುಳುವಿನ ಮೈಮೇಲೆ ಮರಿಗಳು ಸಾಲಾಗಿ ಅಂಟಿದ್ದವು. ತಾಯಿ ಅವುಗಳಿಗೆ ಅಡ್ಡವಾಗಿ, ಮೈ ಕುಗ್ಗಿಸಿ ಕೂತಿತ್ತು. ನಾನು ಉಸಿರು ಬಿಟ್ಟರೂ ಅಲ್ಲಾಡಲಿಲ್ಲ. ಇದು ನನ್ನ ಹುಳು ಎಂದು ಕೋರ್ಟಿನಲ್ಲಿ ಪ್ರಮಾಣ ಮಾಡಲಾರೆ. ಆದರೆ ಹೆತ್ತವಳಿಗೆ ಮಗುವಿನ ಮುಖ ಯಾರೂ ತೋರಿಸಬೇಕಿಲ್ಲವಲ್ಲ.

"ಅವತ್ತಿನ ಕೊಳವೆಗಳು ಎಲ್ಲಿ?" ಎಂದು ಕೇಳಿದೆ. ಸಿಟ್ಟಿಗೆ ಅದೇ ಮರದ ಬುಡಕ್ಕೆ ಎಸೆದು ಹೋಗಿದ್ದರಂತೆ. ಸೋಗೆ ಸರಿಸಿ ನೋಡಿದೆವು. ಎಲ್ಲವೂ ಖಾಲಿ. "ಇರುವೆ ತಿಂದಿರ್ತವೆ" ಎಂದು ರಂಗಶಾಮಣ್ಣ ಹೇಳಿದರು. ಆಮೇಲೆ ತಾವೇ ಗರಿಯನ್ನೊಮ್ಮೆ, ಕೊಳವೆಯನ್ನೊಮ್ಮೆ ನೋಡಿ ತಲೆ ಕೆರೆದುಕೊಂಡರು.

"ತಡಿಯಮ್ಮ. ಈರಮ್ಮ ಒಂದಷ್ಟು ಗಾಜಿನ್ ಟೂಬ್ನ ಈಚೆಗೇ ಇಕ್ಕೊಳೋಳು. ಅವನ್ನ ತಟ್ತಿರ್ಲಿಲ್ಲ. ಹತ್ತಿ ಸಡ್ಲ ಮಾಡಿ, ದಾರದಲ್ಲಿ ಮರಕ್ಕೆ ಕಟ್ಬುಟ್ಟು, ನಡೀರಿ ನಡೀರಿ, ಯಾರೂ ಇಣುಕ್ಬ್ಯಾಡಿ, ಇವು ನಾಳಿಕ್ಕೆ ಬತ್ತವೆ ಅಂತ ನಮ್ಮನ್ನೆಲ್ಲ ಅಟ್ಬುಡೋಳು. ನಾನು ಈ ಸಲ ಎಲ್ಡ್ ಗಂಟೆ ಇಣುಕಿದ್ದೇ ಇಣುಕಿದ್ದು." ಅವರು ನಗತೊಡಗಿದರು. "ಇನ್ನೊಂದ್ ಮಾತು ಯೋಳೋಳು. ನಮ್ಮನೇಲೂ ಒಬ್ಳವ್ಳೆ ಇಂಥೋಳು, ನೋಡ್ತಾ ನಿಂತ್ರೆ ತುಟಿ ಎಲ್ಡ್ ಮಾಡಾಕಿಲ್ಲ, ಅತ್ಲಾಗ್ ತಿರಿಕ್ಕೊಂಡ್ರೆ ಪದ ಯೋಳ್ತಾಳೆ, ಅದ್ಕೇಯ ನಾನು ಕಿಟಕಿ ಕಡೀಕ್ ತಿರಿಗ್ ಕುಂತ್ಕಂತೀನಿ ಅನ್ನೋಳು. ಯಾರಮ್ಮ ಅದು, ನಿಂಗೇನಾದ್ರೂ ಗೊತ್ತಾ?"

"ಗೊತ್ತಿಲ್ಲ" ಎಂದೆ.

ಹದಿನಾಲ್ಕು ವರ್ಷ ಅವಳು ನನಗೆ ಬೆನ್ನು ಹಾಕಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹಿರಿಯಳೆಂಬ ಗತ್ತು ಎಂದು ನಾನು ಒಳಗೊಳಗೇ ಬೇಸರ ಮಾಡಿಕೊಂಡಿದ್ದೆ. ಕೊಳವೆ ತೊಳೆಯುತ್ತ ನಾನು ಗುನುಗುತ್ತಿದ್ದದ್ದು ಅವಳಿಗೆ ಕೇಳಿಸುತ್ತದೆ ಎಂಬುದೇ ನನಗೆ ಹೊಳೆದಿರಲಿಲ್ಲ. ಕೊಳವೆಗಳನ್ನು ಆಯ್ದು ಪೆಟ್ಟಿಗೆಗೆ ತುಂಬುವ ನೆಪದಲ್ಲಿ ಮರದ ಆ ಬದಿಗೆ ಹೋಗಿ ಸ್ವಲ್ಪ ಹೊತ್ತು ಕೂತೆ. ರಂಗಶಾಮಣ್ಣ ಏನೋ ಕೇಳಲು ಬರುತ್ತಿದ್ದರು. ರಫೀಕಣ್ಣ ಅವರನ್ನು ಹೆಗಲು ಹಿಡಿದು, ಬನ್ನಿ ಭಾಯಿ, ನಿಮ್ಮ ಬೋರ್‌ವೆಲ್ ತೋರಿಸಿ ಎಂದು ಕರೆದುಕೊಂಡು ಹೋದದ್ದು ಕೇಳಿಸಿತು. ಆ ಬೋರ್‌ವೆಲ್ಲನ್ನು ಅವರು ಬಹಳ ಹೊತ್ತು ನೋಡಿದರು.

ಸೋಪಿನ ನೀರನ್ನು ಮೇಡಂ ಜೀಪು ತೊಳೆಯಲು ಕೊಟ್ಟರು. ತಳಿ ಉಳಿಯಿತು. ಪುಕ್ಕಲಿಗಳ ಪೆಟ್ಟಿಗೆಯಲ್ಲಿ ಈಗ ಒಂದು ಚೀಟಿ, ಒಂದು ಉಂಡೆ ದಾರ ಇರುತ್ತದೆ. ಮರಕ್ಕೆ ಕಟ್ಟಿ ಮನೆಗೆ ಹೋಗಿ ಎಂದು ಚೀಟಿಯಲ್ಲಿ ಬರೆದಿದ್ದೇವೆ. ನಾಲ್ಕು ಬಜಾರಿಗಳನ್ನು ನಮ್ಮವರ ಜೊತೆ ಬೆರೆಸಿದ್ದಾಯಿತು, ಹದಿನೈದು ದಿನಕ್ಕೆ ಮಕ್ಕಳೂ ಬಂದವು. ತಾಯಂದಿರ ಬಾಯಿ ಪೂರಾ ಬಂದಿದೆ. ಹತ್ತಿ ಮುಟ್ಟುವಷ್ಟರಲ್ಲಿ ಕೈಮೇಲೆ, ಕೈ ನೋಡುವಷ್ಟರಲ್ಲಿ ಕಿಟಕಿಯ ಗಾಜಿನ ಮೇಲೆ. ಮೊನ್ನೆ ಒಂದು ನನ್ನ ಕಿವಿಯೋಲೆಯ ಮೇಲೆ ಕೂತು ಏಳಲೇ ಇಲ್ಲ. ನಾನು ಕೋಣೆಯ ತುಂಬ ಓಡಾಡುತ್ತ, "ಲೇ ಬಜಾರಿ, ನಿಂತ್ಕಳೇ! ಎಲ್ಲಿಗ್ ವೋಗ್ತೀಯ, ನಿನ್ ಮಕ್ಳನ್ನ ಯಾರ್ ನೋಡ್ತಾರೆ, ನಿಮ್ಮತ್ತೆ ಬತ್ತಾಳಾ?" ಎಂದು ನನಗೇ ಗುರುತು ಸಿಗದ ದನಿಯಲ್ಲಿ ಬಯ್ಯುತ್ತಿದ್ದೆ. ಒಂದೇ ಸಮನೆ ಹತ್ತು ನಿಮಿಷ ಬಯ್ದಿರಬೇಕು. ಎಲ್ಲಿಂದ ಬಂದವೋ, ಹೊಸ ಹೊಸ ಬೈಗುಳಗಳೂ ಬಂದವು. ಮೇಡಂ ಗಾಬರಿಯಾಗಿ ಬಾಗಿಲಿಗೆ ಬಂದು, "ಯಾರು ಬಂದಿದ್ದಾರೆ ರತ್ನಮ್ಮ? ಯಾರ ಜೊತೆ ಜಗಳ?" ಎಂದು ನನ್ನನ್ನೇ ನೋಡುತ್ತ ನಿಂತರು.

ನಾನು ಬಾಯಿಯ ಬಟ್ಟೆಯನ್ನು ಮೂಗಿನವರೆಗೆ ಎಳೆದುಕೊಂಡು, "ಹೊಸಬರು ಮೇಡಂ" ಎಂದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಕೇಳಿದರು. "ಜೇನುತುಪ್ಪ ಮುಗೀತು ಮೇಡಂ" ಎಂದೆ.